ಓಟಗಾರನ ಸಂಕಲ್ಪ

ಮನುಷ್ಯನು ಇತರರನ್ನು ಮೀರಿಸಬೇಕೆಂದು ಹಂಬಲಿಸುವುದು ಲೋಕದಲ್ಲಿ ಅತ್ಯಂತ ಸಾಧಾರಣವಾದ ಸಂಗತಿ. ಆ ಹಂಬಲವನ್ನು ಕುರಿತು ಧರ್ಮಶಾಸ್ತ್ರಗಳೂ ನೀತಿಗ್ರಂಥಗಳೂ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿವೆ. ಆದರೆ ಅವನು ತನ್ನನ್ನು ತಾನೇ ಮೀರಬೇಕೆಂದು, ಹಿಂದೊಮ್ಮೆ ತಾನು ಮುಟ್ಟಿದ ಗುರುತಿಗಿಂತ ಒಂದು ಗೇಣಾದರೂ ಮುಂದೆ ಹೆಜ್ಜೆಯೂರಬೇಕೆಂದು ಹಂಬಲಿಸಿದರೆ ಅದನ್ನು ಏನೆಂದು ಎಣಿಸತಕ್ಕದ್ದು? ಅದು ಕಾಮದ ಒಂದು ಸೂಕ್ಷ್ಮ ರೂಪವೆ, ಅಹಂಕಾರವು ಹೊರಗಿನ ಪ್ರತಿಸ್ಪರ್ಧಿಗಳನ್ನು ಬಿಟ್ಟು ತನ್ನೊಳಗೇ ಒಬ್ಬ ಪ್ರತಿಸ್ಪರ್ಧಿಯನ್ನು ಕಲ್ಪಿಸಿಕೊಂಡ ಬಗೆಯೆ, ಅಥವಾ ಆತ್ಮಸಂಸ್ಕಾರಕ್ಕೆ ಒದಗಿಬಂದ ಒಂದು ಮಾರ್ಗವೆ? ಕರ್ಮದಲ್ಲಿ ಮಾತ್ರ ನಿನಗೆ ಅಧಿಕಾರ, ಫಲದಲ್ಲಿಲ್ಲ ಎಂಬ ಗೀತೆಯ ಉಪದೇಶವನ್ನು ಬಾಲ್ಯದಿಂದ ಕೇಳುತ್ತ ಬಂದವನು, ಒಂದು ಫಲವನ್ನು, ಅದೂ ನಿಮಿಷ ಸೆಕೆಂಡುಗಳಲ್ಲಿ ಅಳೆದು ಬರೆದಿಟ್ಟುಕೊಂಡ ಫಲವನ್ನು, ಕಣ್ಣ ಮುಂದಿರಿಸಿಕೊಂಡು ತಿಂಗಳುಗಟ್ಟಲೆ ಶ್ರಮಿಸಬಹುದೆ?

ಈ ಪ್ರಶ್ನೆ ನನಗೆ ಎದುರಾದದ್ದು ಅರ್ಧ ಮ್ಯಾರಥಾನ್ ಎಂಬ ಓಟದ ಅಭ್ಯಾಸದಲ್ಲಿ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಬಳಕೆಗೆ ಬಂದು, 1921ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯಿಂದ ಕಾಯಂ ಆದ 42.195 ಕಿಲೋಮೀಟರಿನ ಮ್ಯಾರಥಾನ್ ದೂರದ ಸರಿಯರ್ಧ, ಎಂದರೆ 21.0975 ಕಿಲೋಮೀಟರು, ಈ ಓಟದ ಉದ್ದ. ಕೀನ್ಯದ ಮೋಸೆಸ್ ತನುಯಿ 1993ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಇದನ್ನು ಮೊಟ್ಟಮೊದಲಿಗೆ 1 ಗಂಟೆಯೊಳಗೆ ಓಡಿ ಮುಗಿಸಿದನು. ಅಂತಹ ಓಟಗಾರರ ಮಾತು ಬೇರೆ; ನನ್ನಂತಹ ಸಾಮಾನ್ಯರಿಗೆ 2 ಗಂಟೆಯೊಳಗೆ ಮುಗಿಸುವುದೇ ಒಂದು ಪುರುಷಾರ್ಥ. ಯಾವ ಊರಿನಲ್ಲಿ ಓಟ ನಡೆದರೂ ಬಹುಮಾನ ಸಿಕ್ಕತಕ್ಕದ್ದು ಕೈಬೆರಳೆಣಿಕೆಯ ಮಂದಿಗೆ. ಉಳಿದವರಿಗೆಲ್ಲ ಆ ಆಸೆಯೂ ಇರುವುದಿಲ್ಲ, ಅದರ ಸಾಧ್ಯತೆಯೂ ಇರುವುದಿಲ್ಲ. ಆದಾಗ್ಯೂ ಆ ಉಳಿದವರಲ್ಲಿ ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ಒಂದು ಸಂಖ್ಯೆ ಇರುತ್ತದೆ; ಓಟಗಾರರ ಮಾತಿನಲ್ಲಿ ಅದರ ಹೆಸರು ‘ಪರ್ಸನಲ್ ಬೆಸ್ಟ್’, ಎಂದರೆ ಈ ದೂರವನ್ನು ಆತನು ಈವರೆಗೆ ಓಡಿದ ಅತ್ಯುತ್ತಮ ಕಾಲ. ಆ ಸಂಖ್ಯೆಯನ್ನು ಇನ್ನೊಬ್ಬರು ಕೇಳುವುದಿಲ್ಲ, ಕೇಳಿದರೂ ನೆನಪಿಟ್ಟುಕೊಳ್ಳುವುದಿಲ್ಲ. ಅದರಿಂದ ಬರುವ ಲಾಭವಿಲ್ಲ, ಕೀರ್ತಿಯಿಲ್ಲ. ಹೀಗಿದ್ದೂ ಅದರಲ್ಲಿ ಅರ್ಧ ನಿಮಿಷವನ್ನು ಕಳೆಯುವುದಕ್ಕಾಗಿ ಬುದ್ಧಿವಂತರಾದ ಜನ ನಸುಕಿನ ನಿದ್ರೆಯನ್ನು ತೊರೆಯುತ್ತಾರೆಂದರೆ, ಅದರ ಮೂಲದಲ್ಲಿ ವಿಚಾರಕ್ಕೆ ಯೋಗ್ಯವಾದದ್ದು ಏನಾದರೂ ಇರಲೇಬೇಕು.

ನಮ್ಮ ಮಲೆನಾಡಿನ ಸೀಮೆಯಲ್ಲಿ ಈ ವಿಚಾರಕ್ಕೆ ಒಂದು ವಿಶೇಷವಾದ ತೊಡಕು ಉಂಟು. ರಸ್ತೆಯ ಓಟದಲ್ಲಿ ಸ್ಥಾಪಿತವಾದ ಕಾಲವು ವಿಶ್ವದಾಖಲೆಯೆಂದು ಮಾನ್ಯವಾಗಬೇಕಾದರೆ ಹೊರಟ ಸ್ಥಳಕ್ಕಿಂತ ಮುಟ್ಟುವ ಸ್ಥಳವು ಕಿಲೋಮೀಟರಿಗೆ ಸರಾಸರಿ 1 ಮೀಟರಿಗಿಂತ ಹೆಚ್ಚು ತಗ್ಗಿನಲ್ಲಿರಕೂಡದೆಂದು ಅಂತರರಾಷ್ಟ್ರೀಯ ನಿಯಮವಿದೆ. ಅರ್ಧ ಮ್ಯಾರಥಾನಿನ ಪೂರ್ಣ ಉದ್ದಕ್ಕೆ ಸುಮಾರು 21 ಮೀಟರು ಇಳಿಜಾರು, ಅಷ್ಟೆ. ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆಗೆ ಹೊರಟವನಿಗಾಗಲಿ, ಬಣಕಲ್ ಹಾದು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಗೆ ಇಳಿಯುವವನಿಗಾಗಲಿ, ಕಳಸದಿಂದ ಸಂಸೆಯ ಕಡೆಗೆ ತಿರುಗಿದವನಿಗಾಗಲಿ ಈ ನಿಯಮವನ್ನು ಹೇಳಿದರೆ ಅವನಿಗೆ ಅದು ಬೇರೊಂದು ಗ್ರಹದ ಕಾನೂನಿನಂತೆ ತೋರುತ್ತದೆ. ಸಮತಲವೆಂಬುದು ಇಲ್ಲಿ ಗದ್ದೆಬಯಲಿನ ಒಡೆತನ. ದಾರಿಗೆ ಅದರಲ್ಲಿ ಪಾಲಿಲ್ಲ. ತೋಟದ ಗೇಟಿನಿಂದ ಹೊರಬಿದ್ದೊಡನೆ ಒಂದು ಏರು. ಏರು ಮುಗಿದಲ್ಲಿ ಸಿಲ್ವರ್ ಮರಗಳ ನಡುವೆ ಒಂದು ತಿರುವು. ತಿರುವಿನಾಚೆಗೆ ಹಳ್ಳದವರೆಗೂ ಇಳಿಜಾರು. ಹಳ್ಳದ ಮೋರಿಯನ್ನು ದಾಟಿದೊಡನೆ ಮೊದಲಿನದಕ್ಕಿಂತ ಕಡಿದಾದ ಇನ್ನೊಂದು ಏರು. 1930 ಮೀಟರು ಎತ್ತರದ ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತ್ಯುನ್ನತ ಶಿಖರ. ಅದರ ತಪ್ಪಲಿನಲ್ಲಿ ಬದುಕುವವನು ಏರನ್ನು ಬಿಟ್ಟು ಓಡುತ್ತೇನೆಂದರೆ ಓಡಲು ಅವನಿಗೆ ದಾರಿಯೇ ಉಳಿಯುವುದಿಲ್ಲ.

ಇದರ ಫಲಿತಾರ್ಥವೇನೆಂದರೆ, ಬೆಂಗಳೂರಿನ ಅಗಲವಾದ ಬೀದಿಯಲ್ಲಿ ಓಡಿದ ಕಾಲವನ್ನೂ ಮೂಡಿಗೆರೆಯ ತೋಟಗಳ ನಡುವೆ ಓಡಿದ ಕಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಷ್ಟೇಕೆ, ಇದೇ ದಾರಿಯಲ್ಲಿ ಮಾಘದ ಮಂಜಿನಲ್ಲಿ ಓಡಿದ ಕಾಲಕ್ಕೂ ಆಷಾಢದಲ್ಲಿ ಕೆಸರೂ ಇಂಬಳವೂ ಕಾಲಿಗಡರುತ್ತಿರುವಾಗ ಓಡಿದ ಕಾಲಕ್ಕೂ ಹೋಲಿಕೆ ಸಲ್ಲದು. ದೂರವೊಂದೇ ಆದ ಮಾತ್ರಕ್ಕೆ ಅಳತೆ ಒಂದೇ ಆಗುವುದಿಲ್ಲವೆಂಬ ಈ ಪಾಠವನ್ನು ಮಲೆನಾಡಿನ ಓಟಗಾರನು ಮೊದಲ ವಾರದಲ್ಲಿಯೇ ಕಲಿಯುತ್ತಾನೆ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ಈಚಿನ ವರ್ಷಗಳಲ್ಲಿ ನಡೆದ ‘ಮಲ್ನಾಡ್ ಅಲ್ಟ್ರಾ’ ಎಂಬ, 50 ಕಿಲೋಮೀಟರೂ ಅದಕ್ಕೆ ಮಿಗಿಲೂ ಆದ ಓಟಗಳಿಗೆ ದೂರದೂರುಗಳಿಂದ ಬಂದವರು, ಬಯಲುಸೀಮೆಯ ತಮ್ಮ ಲೆಕ್ಕಗಳನ್ನೆಲ್ಲ ಇಲ್ಲಿ ಹೊಸದಾಗಿ ಬರೆದುಕೊಳ್ಳಬೇಕಾಗುತ್ತದೆ. ಹಾಗಾದರೆ ಓಟಗಾರನು ತನ್ನದೆಂದು ಹೇಳಿಕೊಳ್ಳುವ ಸಂಖ್ಯೆಯಲ್ಲಿ ಅವನ ಪಾಲೆಷ್ಟು, ನೆಲದ ಪಾಲೆಷ್ಟು, ಗಾಳಿಬಿಸಿಲುಗಳ ಪಾಲೆಷ್ಟು? ಕರ್ಮವೊಂದು ಸಿದ್ಧಿಸಲು ಅಧಿಷ್ಠಾನ, ಕರ್ತೃ, ಕರಣ, ನಾನಾವಿಧವಾದ ಚೇಷ್ಟೆ, ಐದನೆಯದಾಗಿ ದೈವ ಎಂದು ಐದು ಕಾರಣಗಳನ್ನು ಗೀತೆಯ ಹದಿನೆಂಟನೆಯ ಅಧ್ಯಾಯವು ಎಣಿಸಿಕೊಟ್ಟು, ಇಷ್ಟಿದ್ದರೂ ತಾನೊಬ್ಬನೇ ಕರ್ತನೆಂದು ಕಾಣುವವನು ಸರಿಯಾಗಿ ಕಾಣುತ್ತಿಲ್ಲವೆಂದು ಹೇಳುತ್ತದೆ. ಈ ತತ್ತ್ವವನ್ನು ಮನವರಿಕೆ ಮಾಡಿಕೊಳ್ಳಲು ಬೆಟ್ಟದ ದಾರಿಯ ಓಟಕ್ಕಿಂತ ಉತ್ತಮವಾದ ಪಾಠಶಾಲೆಯನ್ನು ನಾನರಿಯೆ.

ಶಿವರಾತ್ರಿ ಸಮೀಪಿಸಿದಂತೆ ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಲ್ಲಿ ಇನ್ನೊಂದು ಬಗೆಯ ಜನಪ್ರವಾಹ ಹರಿಯತೊಡಗುತ್ತದೆ. ಬೆಂಗಳೂರು, ಹಾಸನ, ಚಿಕ್ಕಮಗಳೂರುಗಳ ಕಡೆಯಿಂದ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಪಾದಯಾತ್ರಿಗಳು ಗುಂಪುಗುಂಪಾಗಿ, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಕೋಲು, ಬಾಯಲ್ಲಿ ಮಂಜುನಾಥನ ಹೆಸರು, ಹೀಗೆ ಚಾರ್ಮಾಡಿಯನ್ನಿಳಿಯಲು ನಡೆದುಬರುತ್ತಾರೆ. ದಾರಿಯುದ್ದಕ್ಕೂ ಊರಿನವರು ಪೆಂಡಾಲು ಕಟ್ಟಿ ಮಜ್ಜಿಗೆ, ಪಾನಕ, ಕಲ್ಲಂಗಡಿ ಹಣ್ಣು, ಊಟ ಇವುಗಳನ್ನು ಕೊಡುತ್ತಾರೆ. ಒಮ್ಮೆ ಅಂತಹ ಒಂದು ಪೆಂಡಾಲಿನ ಬೆಂಚಿನ ಮೇಲೆ, ಅರ್ಧ ವಯಸ್ಸು ದಾಟಿದ ಹೆಂಗಸೊಬ್ಬರು ಊದಿದ ಕಾಲನ್ನು ಮುಂದಕ್ಕೆ ಚಾಚಿ ಕುಳಿತಿರಲು, ಊರಿನ ಹುಡುಗನೊಬ್ಬನು ಅವರ ಹಿಮ್ಮಡಿಗೆ ಬಿಸಿ ಮಾಡಿದ ಎಣ್ಣೆಯನ್ನು ಹಚ್ಚಿ ತಿಕ್ಕುತ್ತಿದ್ದುದನ್ನು ಕಂಡೆ. ಬೆರಳುಗಳ ಸಂದಿಯಲ್ಲಿ ಬೊಬ್ಬೆಯೆದ್ದು ಒಡೆದಿತ್ತು; ಅದಕ್ಕೆ ಅರಿಶಿನ ಮೆತ್ತಿದ್ದರು. “ಇನ್ನೆಷ್ಟು ಹೊತ್ತಿಗೆ ಘಾಟಿ ಇಳೀತೀರಿ ಅಮ್ಮಾ?” ಎಂದು ಹುಡುಗ ಕೇಳಿದ್ದಕ್ಕೆ, “ಅವನು ಇಳಿಸಿದಾಗ ಇಳೀತೀನಪ್ಪ” ಎಂದರು.

ಅದೇ ರಸ್ತೆಯಲ್ಲಿ, ಅದೇ ಬೆಳಗಿನ ಜಾವದಲ್ಲಿ, ಕೈಯಲ್ಲಿ ಗಡಿಯಾರ ಕಟ್ಟಿಕೊಂಡು ಓಡುತ್ತಿದ್ದ ನನ್ನ ಮನಸ್ಸಿನಲ್ಲಿ ಆ ಉತ್ತರವು ಬಹುಕಾಲ ನಿಂತಿತು. ಆ ತಾಯಿಗೂ ಕಾಲುನೋವಿದೆ, ನನಗೂ ಇದೆ. ಅವರೂ ದೇಹವನ್ನು ದಂಡಿಸುತ್ತಿದ್ದಾರೆ, ನಾನೂ ದಂಡಿಸುತ್ತಿದ್ದೇನೆ. ಅವರ ನಡಿಗೆಯು ತಪಸ್ಸೆಂದು ಎಲ್ಲರೂ ಒಪ್ಪುತ್ತಾರೆ. ನನ್ನ ಓಟವನ್ನು ಹಾಗೆಂದು ಯಾರೂ ಕರೆಯಲಾರರು. ಏಕೆಂದರೆ ನಾನು ಓಡುವುದು ದೇವರೆಡೆಗಲ್ಲ, ಒಂದು ಸಂಖ್ಯೆಯೆಡೆಗೆ. ಮೇಲುನೋಟಕ್ಕೆ ಈ ಭೇದವು ನಿರ್ವಿವಾದವಾದದ್ದು. ಆದರೆ ಸ್ವಲ್ಪ ಆಳಕ್ಕಿಳಿದು ನೋಡಿದರೆ ಅದು ಅಷ್ಟು ಸರಳವಾಗಿ ಉಳಿಯುವುದಿಲ್ಲ. ಹರಕೆ ಹೊತ್ತು ನಡೆಯುವವರಿಗೂ ಒಂದು ಫಲಾಪೇಕ್ಷೆ ಇರಬಹುದು: ಮಗಳ ಮದುವೆಯಾಗಲಿ, ಕಾಯಿಲೆ ವಾಸಿಯಾಗಲಿ, ಕೋರ್ಟಿನ ವ್ಯಾಜ್ಯ ಗೆಲ್ಲಲಿ. ಪಾದಯಾತ್ರೆಯು ತನ್ನಷ್ಟಕ್ಕೆ ತಾನೇ ನಿಷ್ಕಾಮವಾಗದು, ಗಡಿಯಾರವು ತನ್ನಷ್ಟಕ್ಕೆ ತಾನೇ ಸಕಾಮವಾಗದು. ಕರ್ಮದ ಗುಣವು ನಿಷ್ಕರ್ಷೆಯಾಗುವುದು ಅದರ ಹೊರಗಿನ ಗುರುತಿನಿಂದಲ್ಲದೆ, ಮಾಡುವವನು ಆ ಗುರುತಿನೊಡನೆ ಇಟ್ಟುಕೊಂಡ ಸಂಬಂಧದಿಂದ ಎಂಬುದನ್ನು ಒಪ್ಪಿದರೆ, ಈಗ ಕೇಳತಕ್ಕ ಪ್ರಶ್ನೆ ಇದು: ಓಟಗಾರನು ತನ್ನ ಸಂಖ್ಯೆಯೊಡನೆ ಯಾವ ಸಂಬಂಧವನ್ನು ಇಟ್ಟುಕೊಂಡಿದ್ದಾನೆ?

ಇದನ್ನು ತಿಳಿಯಲು ಓಟದ ಒಳಗನ್ನು ಸ್ವಲ್ಪ ಹೊಕ್ಕು ನೋಡಬೇಕು. ಅರ್ಧ ಮ್ಯಾರಥಾನಿನ ಮೊದಲ ಐದಾರು ಕಿಲೋಮೀಟರುಗಳಲ್ಲಿ ಯಾವನೂ ತನ್ನ ನಿಜವಾದ ಅಳತೆಯನ್ನು ಅರಿಯಲಾರನು. ವಿಶ್ರಾಂತಿ ಪಡೆದ ಕಾಲುಗಳೂ ಸುತ್ತಲಿನ ಜನಸಂದಣಿಯ ಉತ್ಸಾಹವೂ ಸೇರಿ ಅವನಿಗೆ ಇಲ್ಲದ ಬಲವನ್ನು ಇದೆಯೆಂದು ತೋರಿಸುತ್ತವೆ. ಆ ಹೊತ್ತಿನಲ್ಲಿ ಗಡಿಯಾರವು ಅವನ ವೇಗವನ್ನು ತಡೆಯುವ ಹಿತೈಷಿ. ಮಧ್ಯಭಾಗದಲ್ಲಿ ಉಸಿರು ಒಂದು ಲಯಕ್ಕೆ ಬರುತ್ತದೆ, ಹೆಜ್ಜೆಯೂ ಉಸಿರೂ ಜೊತೆಗೂಡುತ್ತವೆ. ಹದಿನೈದು ಹದಿನಾರನೆಯ ಕಿಲೋಮೀಟರಿನ ಸುಮಾರಿಗೆ ಸ್ಥಿತಿ ಬದಲಾಗುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟ ಶರ್ಕರದ ದಾಸ್ತಾನು ಇಳಿಯುತ್ತ ಬಂದಿರುತ್ತದೆ. ಬೆವರಿನಿಂದ ನೀರೂ ಉಪ್ಪೂ ಹೋಗಿರುತ್ತವೆ. ತೊಡೆಯ ಮುಂಭಾಗದಲ್ಲಿ ಇಳಿಜಾರುಗಳ ಪೆಟ್ಟು ಈಗ ಮಾತಾಡತೊಡಗುತ್ತದೆ. ಆಗ ಮನಸ್ಸು ವಕೀಲನಾಗಿ ಎದ್ದು ನಿಂತು ವಾದಿಸತೊಡಗುತ್ತದೆ. ಇವತ್ತು ಸೆಕೆ ಹೆಚ್ಚು, ನಿನ್ನೆ ನಿದ್ರೆ ಕಡಮೆ, ಮುಂದಿನ ಓಟದಲ್ಲಿ ನೋಡೋಣ, ಇಷ್ಟಕ್ಕೂ ಇದರಿಂದ ಯಾರಿಗೆ ಏನಾಗಬೇಕಾಗಿದೆ! ಈ ವಾದಗಳಲ್ಲಿ ಒಂದೂ ಪೂರ್ತಿ ಸುಳ್ಳಲ್ಲ. ಅದೇ ಅವುಗಳ ಅಪಾಯ. ಸುಸ್ತಾದ ದೇಹದ ನಿಜವಾದ ಎಚ್ಚರಿಕೆ ಯಾವುದು, ಸುಖವನ್ನು ಬಯಸುವ ಮನಸ್ಸಿನ ನೆಪ ಯಾವುದು ಎಂಬುದನ್ನು ಆ ಘಳಿಗೆಯಲ್ಲಿ, ಏದುಸಿರಿನ ನಡುವೆ, ಬೇರ್ಪಡಿಸಿ ಅರಿಯಬೇಕು. ಎಚ್ಚರಿಕೆಯನ್ನು ನೆಪವೆಂದು ತಳ್ಳಿದವನು ಗಾಯಗೊಂಡು ಬೀಳುತ್ತಾನೆ. ನೆಪವನ್ನು ಎಚ್ಚರಿಕೆಯೆಂದು ಮನ್ನಿಸಿದವನು ತನ್ನ ಶಕ್ತಿಯನ್ನು ಎಂದಿಗೂ ಅರಿಯದೆ ಹಿಂದಿರುಗುತ್ತಾನೆ.

ಗುರುತಿಟ್ಟುಕೊಂಡ ಸಂಖ್ಯೆಯ ಪ್ರಯೋಜನವು ಇಲ್ಲಿ ಸ್ಪಷ್ಟವಾಗುತ್ತದೆ. ಗುರಿಯಿಲ್ಲದೆ ಓಡುವವನಿಗೆ ಈ ವಿವೇಕವನ್ನು ಪ್ರಯೋಗಿಸುವ ಸಂದರ್ಭವೇ ಬರುವುದಿಲ್ಲ. ದಣಿವಾದಾಗ ನಿಧಾನಿಸುತ್ತಾನೆ, ಹುರುಪಾದಾಗ ಓಡುತ್ತಾನೆ, ಎರಡರಲ್ಲಿಯೂ ಮನಸ್ಸು ಹೇಳಿದಂತೆ ನಡೆಯುತ್ತಾನೆ. ಮುಟ್ಟಲು ಕಷ್ಟವಾದರೂ ಅಸಾಧ್ಯವಲ್ಲದ ಒಂದು ಗುರುತನ್ನು ಮುಂದಿಟ್ಟುಕೊಂಡವನಿಗೆ ಮಾತ್ರ ತನ್ನ ಮನಸ್ಸನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವ ಪ್ರಮೇಯ ಒದಗುತ್ತದೆ. ಗಡಿಯಾರವು ಯಾರನ್ನೂ ಹೊಗಳುವುದಿಲ್ಲ, ಯಾರ ಮೇಲೂ ಮುನಿಯುವುದಿಲ್ಲ. ಬೆಟ್ಟದ ಏರು ಸಾಹುಕಾರನಿಗೂ ಕೂಲಿಯಾಳಿಗೂ ಒಂದೇ ಸಮನಾಗಿ ಕಡಿದಾದದ್ದು. ಇಂತಹ ನಿಷ್ಪಕ್ಷಪಾತವಾದ ಎರಡು ಸಾಕ್ಷಿಗಳ ಎದುರಿಗೆ ಮನುಷ್ಯನು ತನ್ನ ಬಗೆಗೆ ಸತ್ಯವನ್ನು ತಿಳಿದುಕೊಳ್ಳಬಹುದಾಗಿದೆ. ನನ್ನ ದೃಷ್ಟಿಯಲ್ಲಿ ಓಟಗಾರನ ಸಂಖ್ಯೆಯು ಮೊಟ್ಟಮೊದಲಿಗೆ ಸತ್ಯಶೋಧನೆಯ ಸಾಧನ. ಫಲವೆಂಬುದು ಅದಕ್ಕೆ ಆಮೇಲೆ ಅಂಟಿಕೊಂಡ ಹೆಸರು.

ಸಾಧನವು ಸಾಧನವಾಗಿಯೇ ಉಳಿಯುವುದೆಂಬ ಭರವಸೆಯೇನೂ ಇಲ್ಲವಷ್ಟೆ. ಗೀತೆಯು ಕರ್ಮವನ್ನು ಮೂರು ತರಗತಿಗಳಾಗಿ ವಿಂಗಡಿಸಿರುವುದು ಈ ಅಪಾಯವನ್ನು ಅರಿತೇ. ಸಂಗವಿಲ್ಲದೆ, ರಾಗದ್ವೇಷವಿಲ್ಲದೆ ಮಾಡಿದ ನಿಯತ ಕರ್ಮ ಸಾತ್ತ್ವಿಕ. ಕಾಮದಿಂದಾಗಲಿ ಅಹಂಕಾರದಿಂದಾಗಲಿ ಬಹು ಆಯಾಸಪಟ್ಟು ಮಾಡಿದ್ದು ರಾಜಸ. ಮುಂದಿನ ಪರಿಣಾಮವನ್ನೂ ಆಗುವ ನಷ್ಟವನ್ನೂ ಹಿಂಸೆಯನ್ನೂ ತನ್ನ ಸಾಮರ್ಥ್ಯವನ್ನೂ ಲೆಕ್ಕಿಸದೆ ಮೋಹದಿಂದ ತೊಡಗಿದ್ದು ತಾಮಸ. ಈ ಕೊನೆಯ ಲಕ್ಷಣವನ್ನು ಓದಿದಾಗಲೆಲ್ಲ, ಮೊಣಕಾಲಿನಲ್ಲಿ ನೋವಿದ್ದೂ ನೋವಿನ ಮಾತ್ರೆ ನುಂಗಿ ಓಟದ ಸಾಲಿಗೆ ಬಂದು ನಿಲ್ಲುವವರ ಮುಖಗಳು ನನ್ನ ಕಣ್ಣ ಮುಂದೆ ಬರುತ್ತವೆ. ತನ್ನ ಶಕ್ತಿಯ ಅಳತೆಯಿಲ್ಲದೆ ತೊಡಗುವುದನ್ನು ಶಾಸ್ತ್ರವು ಧೈರ್ಯವೆಂದು ಹೊಗಳಿಲ್ಲ, ಅಜ್ಞಾನದ ಪಟ್ಟಿಯಲ್ಲಿ ಸೇರಿಸಿದೆ. ದೇಹವನ್ನು ಪೀಡಿಸುವ ಘೋರ ತಪಸ್ಸನ್ನು ಹದಿನೇಳನೆಯ ಅಧ್ಯಾಯವು ಖಂಡಿಸುತ್ತದೆ; ಆಹಾರ, ವಿಹಾರ, ನಿದ್ರೆ, ಎಚ್ಚರಗಳಲ್ಲಿ ಹದವನ್ನು ಬಲ್ಲವನಿಗೆ ಮಾತ್ರ ಯೋಗವು ದುಃಖವನ್ನು ನೀಗುವುದೆಂದು ಆರನೆಯ ಅಧ್ಯಾಯವು ಹೇಳುತ್ತದೆ. ಓಟವನ್ನು ಕಲಿಸುವ ಯಾವ ಗುರುವೂ ಇದಕ್ಕಿಂತ ಹೆಚ್ಚಿನದನ್ನು ಹೇಳಲಾರನು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಸಂಗವಿಲ್ಲದೆ ಮಾಡಬೇಕೆಂದರೆ ಗುರಿಯೇ ಇಲ್ಲದೆ ಮಾಡಬೇಕೆಂದಲ್ಲವೆ? ಹಾಗಲ್ಲವೆಂದು ನಾನು ತಿಳಿದಿದ್ದೇನೆ. ಆ ಉಪದೇಶವನ್ನು ಕೇಳಿದವನು ಜಗತ್ತಿನ ಶ್ರೇಷ್ಠ ಬಿಲ್ಲುಗಾರ. ಗುರಿಯಿಡದೆ ಬಾಣ ಬಿಡು ಎಂದು ಶ್ರೀಕೃಷ್ಣನು ಅರ್ಜುನನಿಗೆ ಹೇಳಲಿಲ್ಲ. ಬಾಣವನ್ನು ಬಿಡುವ ತನಕ ಗುರಿಯು ಬಿಲ್ಲುಗಾರನ ಅಧೀನ. ಬಿಟ್ಟ ಮೇಲೆ ಅದು ಗಾಳಿಯ, ದೂರದ, ದೈವದ ಅಧೀನ. ಅಭ್ಯಾಸದ ತಿಂಗಳುಗಳಲ್ಲಿ, ಓಟದ ಪ್ರತಿಯೊಂದು ಹೆಜ್ಜೆಯಲ್ಲಿ, ಸಂಖ್ಯೆಯನ್ನು ಪೂರ್ಣ ಶ್ರದ್ಧೆಯಿಂದ ಹಿಡಿದಿರತಕ್ಕದ್ದು. ಕೊನೆಯ ಗೆರೆಯನ್ನು ದಾಟಿದ ಕ್ಷಣದಲ್ಲಿ ಗಡಿಯಾರವು ಏನು ತೋರಿಸಿದರೂ ಅದನ್ನು ಪ್ರಸಾದವೆಂದು ಸ್ವೀಕರಿಸತಕ್ಕದ್ದು. ಹಿಡಿಯುವುದು ಒಂದು ಹೊತ್ತಿಗೆ ಧರ್ಮ, ಬಿಡುವುದು ಇನ್ನೊಂದು ಹೊತ್ತಿಗೆ ಧರ್ಮ. ಇವುಗಳ ಹೊತ್ತನ್ನು ಅದಲುಬದಲು ಮಾಡಿಕೊಂಡವನು, ಎಂದರೆ ಅಭ್ಯಾಸದಲ್ಲಿ ಎಲ್ಲವೂ ದೈವೇಚ್ಛೆಯೆಂದು ಸೋಮಾರಿಯಾಗಿದ್ದು ಗೆರೆ ದಾಟಿದ ಮೇಲೆ ಸಂಖ್ಯೆಗಾಗಿ ಅಳುವವನು, ಕರ್ಮವನ್ನೂ ಕಳೆದುಕೊಂಡನು, ಶಾಂತಿಯನ್ನೂ ಕಳೆದುಕೊಂಡನು.

ಈ ಹದವನ್ನು ನಮ್ಮ ಸೀಮೆಯವರು ಕಾಫಿಗಿಡದಿಂದ ಕಲಿಯಬಹುದು. ಅರೇಬಿಕಾ ಗಿಡವು ಒಂದು ವರ್ಷ ತನ್ನ ಶಕ್ತಿಗೆ ಮೀರಿ ಕಾಯಿ ಹೊತ್ತರೆ, ಎಲೆಗಳಲ್ಲಿ ಸಿದ್ಧವಾದ ಆಹಾರವೆಲ್ಲ ಕಾಯಿಗೇ ಹರಿದು, ರೆಕ್ಕೆಗಳೆಂದು ಕರೆಯುವ ಪಕ್ಕದ ಕೊಂಬೆಗಳು ತುದಿಯಿಂದ ಒಣಗುತ್ತ ಬಂದು, ಮರುವರ್ಷದ ಫಸಲು ಕುಸಿಯುತ್ತದೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ, ಅದಕ್ಕೆ ಎಷ್ಟೋ ಮೊದಲಿನಿಂದ ತೋಟ ಮಾಡಿಕೊಂಡು ಬಂದ ಹಿರಿಯರೂ ಇದಕ್ಕೆ ಹೇಳುವ ಪರಿಹಾರ ಒಂದೇ: ಕೊಯ್ಲು ಮುಗಿದ ಮೇಲೆ ಗಿಡಗಸಿ ಮಾಡಿ ಬೇಡದ ರೆಕ್ಕೆ ಚಿಗುರುಗಳನ್ನು ತೆಗೆಯಬೇಕು, ನೆರಳನ್ನು ಹದವಾಗಿ ಕಾಯ್ದುಕೊಳ್ಳಬೇಕು, ಗೊಬ್ಬರ ಕೊಡಬೇಕು, ಆಮೇಲೆ ಹೂಮಳೆಗೆ ಕಾಯಬೇಕು. ಓಟಗಾರನ ದೇಹವೂ ಇದೇ ನಿಯಮಕ್ಕೆ ಒಳಪಟ್ಟಿದೆ. ಸ್ನಾಯುವಿನ ಬಲವೂ ರಕ್ತನಾಳಗಳ ಜಾಲವೂ ಹೆಚ್ಚುವುದು ಓಡುತ್ತಿರುವಾಗ ಅಲ್ಲ, ಓಡಿ ದಣಿದ ದೇಹವು ಉಂಡು ಮಲಗಿ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತಿರುವಾಗ. ಎಷ್ಟು ಶ್ರಮಿಸಿದರೂ ಆ ಕೆಲಸವನ್ನು ಸಂಕಲ್ಪದ ಬಲದಿಂದ ಮಾಡಿಸಿಕೊಳ್ಳಲಾಗದು. ಹೂಮಳೆಯಂತೆ ಅದು ತಾನಾಗಿ ಆಗಬೇಕು. ಒಂದು ಮಳೆ ಬಿದ್ದು ಎಂಟು ಹತ್ತು ದಿನಗಳಲ್ಲಿ ಇಡೀ ತೋಟವು ಬೆಳ್ಳಗೆ ಅರಳಿ ನಿಂತಾಗ ಮಾಲೀಕನು ಅದನ್ನು ತನ್ನ ಸಾಧನೆಯೆಂದು ಹೇಳಿಕೊಳ್ಳುವುದಿಲ್ಲ. ಆದರೆ ಗಿಡಗಸಿ ಮಾಡದೆ ಕೈಕಟ್ಟಿ ಕುಳಿತವನ ತೋಟದಲ್ಲಿ ಆ ಮಳೆಯೂ ಅಷ್ಟು ಹೂವನ್ನು ಅರಳಿಸುವುದಿಲ್ಲ. ಪ್ರಯತ್ನವೂ ಅನುಗ್ರಹವೂ ಒಂದಕ್ಕೊಂದು ವಿರುದ್ಧವಲ್ಲವೆಂಬುದಕ್ಕೆ ನಮ್ಮ ಕಣ್ಣೆದುರಿನ ಪ್ರಮಾಣ ಇದು.

ಇಷ್ಟಕ್ಕೇ ನಿಲ್ಲಿಸಿದರೆ ವಿಚಾರದ ಒಂದು ಮುಖವನ್ನು ಬಿಟ್ಟಂತಾದೀತು. ಮೂಡಿಗೆರೆಯ ಸಮೀಪದ ಅಂಗಡಿ ಎಂಬ ಊರು ಪೂರ್ವದಲ್ಲಿ ಸೊಸೆವೂರೆಂದು ಹೆಸರಾಗಿತ್ತು. ಹೊಯ್ಸಳರ ಮೂಲಸ್ಥಾನವೆಂದು ಪ್ರಸಿದ್ಧವಾದ ಆ ಊರಿನಲ್ಲಿ ಪ್ರಾಚೀನ ಬಸದಿಗಳಿವೆ, ಹುಲಿಯನ್ನು ಹೊಯ್ಯೆಂದು ಸಳನಿಗೆ ಆಜ್ಞಾಪಿಸಿದ ಜೈನಮುನಿಯ ಐತಿಹ್ಯವಿದೆ. ಆ ಮುನಿಯ ದರ್ಶನದಲ್ಲಿ ಓಟಗಾರನಿಗೆ ಅತ್ಯಂತ ಉಪಯುಕ್ತವಾದ ಒಂದು ಸಿದ್ಧಾಂತವುಂಟು. ಜೀವದ ಸಹಜ ಗುಣಗಳಲ್ಲಿ ಅನಂತಜ್ಞಾನ ಅನಂತಸುಖಗಳೊಡನೆ ಅನಂತವೀರ್ಯವೂ ಒಂದು. ಅದು ಪ್ರಕಟವಾಗದಂತೆ ತಡೆದಿರುವುದು ವೀರ್ಯಾಂತರಾಯವೆಂಬ ಕರ್ಮ. ಈ ದೃಷ್ಟಿಯಲ್ಲಿ ಶಕ್ತಿಯನ್ನು ಹೊರಗಿನಿಂದ ಸಂಪಾದಿಸಿ ತರಬೇಕಾದದ್ದಿಲ್ಲ. ಒಳಗಿರುವ ಶಕ್ತಿಗೆ ಅಡ್ಡವಾದುದನ್ನು ತಪಸ್ಸಿನಿಂದ ಸವೆಸಬೇಕು. ಹಿಂದೆ ಎಂದೂ ಓಡದಿದ್ದ ವೇಗದಲ್ಲಿ ಓಡಿ ಮುಗಿಸಿದವನಿಗೆ, ಹೊಸದೇನನ್ನೋ ಗಳಿಸಿದೆನೆಂಬುದಕ್ಕಿಂತ, ಇಷ್ಟು ಕಾಲ ಏನೋ ತನ್ನನ್ನು ಹಿಡಿದಿತ್ತು, ಅದು ಇಂದು ಕೊಂಚ ಸಡಿಲಿತು ಎಂಬ ಅನುಭವವಾಗುವುದನ್ನು ಬಲ್ಲವರು ಈ ಸಿದ್ಧಾಂತದ ಸೂಕ್ಷ್ಮತೆಯನ್ನು ಮೆಚ್ಚದೆ ಇರಲಾರರು. ಹಾಗೆ ನೋಡಿದರೆ ತನ್ನನ್ನು ಮೀರುವುದೆಂಬ ಮಾತಿನಲ್ಲಿ ಒಂದು ತಪ್ಪು ಗ್ರಹಿಕೆ ಅಡಗಿದೆ. ಮೀರಿದ್ದು ತನ್ನನ್ನಲ್ಲ, ತನಗಡ್ಡವಾಗಿದ್ದ ಆಲಸ್ಯವನ್ನು, ಭಯವನ್ನು, ತನ್ನಿಂದಾಗದೆಂಬ ಹಳೆಯ ನಂಬಿಕೆಯನ್ನು. ಆರು ತಿಂಗಳ ಹಿಂದೆ ನಿಧಾನವಾಗಿ ಓಡಿದ ಆ ಮನುಷ್ಯನು ಸೋತ ಶತ್ರುವಲ್ಲ. ಅವನು ನೆಟ್ಟ ಹೆಜ್ಜೆಯ ಮೇಲೆಯೇ ಇಂದಿನವನು ನಿಂತಿದ್ದಾನೆ. ಮನುಷ್ಯನು ತನಗೆ ತಾನೇ ಬಂಧು, ತನಗೆ ತಾನೇ ಶತ್ರು ಎಂದು ಗೀತೆಯು ಹೇಳಿದಾಗ ಅದರ ಆಶಯವೂ ಇದೇ ಇರಬೇಕು.

ಆದರೆ ಆತ್ಮದ ವೀರ್ಯ ಅನಂತವಾಗಿರಬಹುದು, ದೇಹದ್ದು ಅನಂತವಲ್ಲ. ಇದು ಈ ವಿಚಾರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಸಂಗತಿ. ಉಸಿರಿನಿಂದ ಪ್ರಾಣವಾಯುವನ್ನು ಹೀರಿ ಸ್ನಾಯುಗಳಿಗೆ ಒದಗಿಸುವ ಸಾಮರ್ಥ್ಯವು ಯೌವನ ಕಳೆದಂತೆ ಕುಗ್ಗುತ್ತ ಬರುತ್ತದೆ. ಅಭ್ಯಾಸವು ಆ ಇಳಿತವನ್ನು ನಿಧಾನಗೊಳಿಸೀತೇ ಹೊರತು ನಿಲ್ಲಿಸಲಾರದು. ಆದುದರಿಂದ ಪ್ರತಿಯೊಬ್ಬ ಓಟಗಾರನ ಬದುಕಿನಲ್ಲಿಯೂ ಒಂದು ಓಟವಿದೆ, ಅದರ ಕಾಲವನ್ನು ಅವನು ಮುಂದೆ ಎಂದೂ ಉತ್ತಮಪಡಿಸಲಾರನು. ಸ್ವಾರಸ್ಯವೇನೆಂದರೆ ಆ ದಿನ ಅವನಿಗೆ ಅದು ತಿಳಿದಿರುವುದಿಲ್ಲ. ಗೆರೆ ದಾಟಿ, ನೀರು ಕುಡಿದು, ಗೆಳೆಯರೊಡನೆ ನಕ್ಕು, ಮುಂದಿನ ಸಲ ಇನ್ನೂ ಒಂದು ನಿಮಿಷ ಕಡಮೆ ಮಾಡುತ್ತೇನೆಂದು ಹೇಳಿ ಮನೆಗೆ ಹೋಗಿರುತ್ತಾನೆ. ಅದೇ ಕೊನೆಯದೆಂಬುದು ಗೊತ್ತಾಗುವುದು ವರ್ಷಗಳು ಕಳೆದ ಮೇಲೆ, ಅದೂ ನಿಶ್ಚಯವಾಗಿ ಅಲ್ಲ, ಮೆಲ್ಲಮೆಲ್ಲನೆ ಬೆಳೆಯುವ ಒಂದು ಅನುಮಾನವಾಗಿ. ವಯಸ್ಸಿಗೆ ತಕ್ಕಂತೆ ಕಾಲವನ್ನು ಸರಿಹೊಂದಿಸಿ ಹೋಲಿಸುವ ಕೋಷ್ಟಕಗಳನ್ನು ಓಟದ ಪಂಡಿತರು ರಚಿಸಿದ್ದಾರೆ. ಅವುಗಳಿಂದ ಒಂದಿಷ್ಟು ಸಮಾಧಾನ ದೊರೆಯಬಹುದು. ಮೂಲಪ್ರಶ್ನೆಯಿಂದ ಪಾರಾಗುವ ಉಪಾಯ ಅವುಗಳಲ್ಲಿಲ್ಲ.

ಮೂಲಪ್ರಶ್ನೆ ಇಷ್ಟೆ: ಇನ್ನು ಮುಂದೆ ಉತ್ತಮವಾಗಲಾರದೆಂದು ತಿಳಿದ ಮೇಲೆಯೂ ಓಡತಕ್ಕದ್ದೆ? ಸಂಖ್ಯೆಯನ್ನು ಆಸ್ತಿಯೆಂದು ಎಣಿಸಿದವನು ಅಲ್ಲಿಗೆ ಓಟವನ್ನು ಬಿಡುತ್ತಾನೆ, ಅಥವಾ ಬಿಡಲಾರದೆ ಹಳೆಯ ಸಂಖ್ಯೆಯನ್ನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಕಾಲ ಕಳೆಯುತ್ತಾನೆ. ಸಂಖ್ಯೆಯನ್ನು ಸತ್ಯಶೋಧನೆಯ ಸಾಧನವೆಂದು ಬಳಸಿದವನಿಗೆ ಅಂತಹ ವಿಪತ್ತು ಬರುವುದಿಲ್ಲ. ಇಂದಿನ ದೇಹದಲ್ಲಿ, ಇಂದಿನ ಉಸಿರಿನಲ್ಲಿ, ಇಂದಿನ ಏರಿನ ಮೇಲೆ ತನ್ನಿಂದ ಆಗತಕ್ಕದ್ದು ಎಷ್ಟು, ಅದರಲ್ಲಿ ನೆಪಕ್ಕೆ ಬಲಿಯಾಗಿ ಬಿಟ್ಟುಕೊಟ್ಟದ್ದು ಎಷ್ಟು ಎಂಬ ಪ್ರಶ್ನೆಯು ಇಪ್ಪತ್ತೈದರ ವಯಸ್ಸಿನಲ್ಲಿ ಎಷ್ಟು ಹೊಸದೋ ಅರುವತ್ತೈದರಲ್ಲಿಯೂ ಅಷ್ಟೇ ಹೊಸದು. ಫಲದಲ್ಲಿ ಸಂಗವಿಲ್ಲದಿರುವುದೆಂದರೇನೆಂದು ಎಂದೂ ಫಲಕ್ಕಾಗಿ ಶ್ರಮಿಸದವನು ಅರಿಯಲಾರನು. ಅವನಲ್ಲಿರುವುದು ವೈರಾಗ್ಯವಲ್ಲ, ಉದಾಸೀನ. ಪೂರ್ಣ ಮನಸ್ಸಿನಿಂದ ಗುರಿಯಿಟ್ಟು, ಕೆಲವು ಸಲ ಮುಟ್ಟಿ, ಹಲವು ಸಲ ತಪ್ಪಿ, ಕೊನೆಗೆ ಮುಟ್ಟುವ ಕಾಲವೇ ಕಳೆದುಹೋದರೂ ಅದೇ ನಸುಕಿನಲ್ಲಿ ಎದ್ದು ಶೂವಿನ ದಾರ ಬಿಗಿಯುವವನಿಗೆ ಮಾತ್ರ ಆ ಉಪದೇಶವು ಅನುಭವವಾಗಿ ಪರಿಣಮಿಸುತ್ತದೆ. ಅಭ್ಯಾಸವನ್ನೂ ವೈರಾಗ್ಯವನ್ನೂ ಪತಂಜಲಿಯು ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಕಾರಣವೂ ಇದೇ ಎಂದು ನನಗೆ ತೋರುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಪಕ್ವವಾಗದು.

ಕಳಸದಿಂದ ಹೊರನಾಡಿಗೆ ಸುಮಾರು 8 ಕಿಲೋಮೀಟರು. ನಡುವೆ ಹೆಬ್ಬಾಳೆಯಲ್ಲಿ ಭದ್ರೆಯನ್ನು ದಾಟಬೇಕು. ಮಳೆಗಾಲದಲ್ಲಿ ಹೊಳೆ ಉಕ್ಕಿ ಅಲ್ಲಿನ ಹಳೆಯ ಸೇತುವೆ ಮುಳುಗಿತೆಂದರೆ ಯಾವ ಅವಸರದವನೂ ಈಚೆ ದಡದಲ್ಲಿ ನಿಂತು ಕಾಯಬೇಕಾಗುತ್ತಿತ್ತು. ದಾಟಿ ಹೋದವರಿಗೆ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟವುಂಟು. ಅಲ್ಲಿ ಯಾರು ಎಷ್ಟು ಹೊತ್ತಿನಲ್ಲಿ ಬಂದರು, ನಡೆದು ಬಂದರೊ ಓಡಿ ಬಂದರೊ ಎಂದು ವಿಚಾರಿಸುವವರಿಲ್ಲ. ಆ ಊಟದೆದುರು ನೆನಪಾಗುವುದೇನೆಂದರೆ, ಓಡುವವನ ಕಾಲಿನಲ್ಲಿ ವೇಗವಾಗಿ ಪರಿಣಮಿಸಿದ್ದು ಯಾರೋ ಬೆಳೆದ ಅಕ್ಕಿ, ಯಾರೋ ಬೇಯಿಸಿದ ಅನ್ನ. ಅವನು ಹತ್ತಿದ ಏರನ್ನು ಮಣ್ಣು ಕಡಿದು ದಾರಿಯಾಗಿ ಮಾಡಿದ್ದು ಹೆಸರಿಲ್ಲದ ಕೂಲಿಯವರು. ಅವನು ಮನೆಯಲ್ಲಿಲ್ಲದ ಬೆಳಗುಗಳಲ್ಲಿ ಅವನ ಪಾಲಿನ ಕೆಲಸವನ್ನು ಮಾಡಿದ್ದು ಮನೆಯವರು. ಇಷ್ಟು ಮಂದಿಯ ಋಣವನ್ನು ಹೊತ್ತ ಸಂಖ್ಯೆಯನ್ನು ನನ್ನದೆಂದು ಹೇಳಿಕೊಳ್ಳುವುದು ಲೆಕ್ಕದ ತಪ್ಪು. ಆದರೂ ಆ ಋಣವನ್ನು ತೀರಿಸುವ ದಾರಿಯು ಓಟವನ್ನು ಬಿಡುವುದರಲ್ಲಿಲ್ಲ. ತನಗೆ ದೊರೆತ ಬಲವನ್ನು ಅರೆಮನಸ್ಸಿನಿಂದ ಬಳಸುವುದು ಕೊಟ್ಟವರಿಗೆ ಮಾಡಿದ ಅವಮಾನ.

ಪೆಂಡಾಲಿನ ತಾಯಿಗೂ ಗಡಿಯಾರ ಕಟ್ಟಿದ ಓಟಗಾರನಿಗೂ ನಡುವೆ ಇರುವ ಅಂತರವು ನಾನು ಮೊದಲು ಭಾವಿಸಿದಷ್ಟು ದೊಡ್ಡದಲ್ಲವೆಂದು ಈಗ ನನ್ನ ನಿಶ್ಚಯ. ಆಕೆ ಘಾಟಿಯನ್ನಿಳಿಯುವ ಹೊತ್ತನ್ನು ದೇವರಿಗೆ ಬಿಟ್ಟರು, ನಡೆಯುವ ಕೆಲಸವನ್ನು ಬಿಡಲಿಲ್ಲ. ಓಟಗಾರನು ಕಲಿಯಬೇಕಾದದ್ದೂ ಅಷ್ಟೇ. ತನ್ನ ಅತ್ಯುತ್ತಮ ಕಾಲವನ್ನು ಅವನು ಅವಶ್ಯವಾಗಿ ಅರಸಲಿ. ಗುರಿಯನ್ನು ಸಣ್ಣದು ಮಾಡಿಕೊಳ್ಳದಿರಲಿ, ಅಭ್ಯಾಸದಲ್ಲಿ ಕಳ್ಳತನ ಮಾಡದಿರಲಿ, ದೇಹವು ನಿಜವಾಗಿ ಕೂಗಿದಾಗ ಕಿವುಡನಾಗದಿರಲಿ. ಹೀಗೆ ಓಡಿದವನಿಗೆ ಸಂಖ್ಯೆಯು ಕೈಗೂಡಿದರೆ ಕೃತಜ್ಞತೆ ಹೆಚ್ಚುತ್ತದೆ, ಕೈಗೂಡದಿದ್ದರೆ ವಿವೇಕ ಹೆಚ್ಚುತ್ತದೆ. ಎರಡರಲ್ಲಿಯೂ ಅವನು ಹೊರಟಾಗಿದ್ದುದಕ್ಕಿಂತ ಸ್ವಲ್ಪ ಹೆಚ್ಚು ಸತ್ಯವಂತನಾಗಿ ಮನೆಗೆ ಹಿಂದಿರುಗುತ್ತಾನೆ. ಧರ್ಮವು ಮನುಷ್ಯನ ಯಾವ ಹಂಬಲದಿಂದಲೂ ಇದಕ್ಕಿಂತ ಹೆಚ್ಚಿನದನ್ನು ಕೇಳಿಲ್ಲ.